ಕೂಳೆಯ ಬೆಳೆ

ನೌಕರಿಯಿಂದ ನಿವೃತ್ತರಾಗುವವರಿಗೆ ಒಂದು ತಾರೀಖು ಗೊತ್ತಾಗಿರುತ್ತದೆ. ಆ ದಿನ ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಮಾರನೆಯ ಬೆಳಗ್ಗೆ ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ವಿಚಿತ್ರವಾದ ಸಮಾಧಾನ. ಆ ಸಮಾಧಾನ ಹದಿನೈದು ದಿನ ಉಳಿದರೆ ಹೆಚ್ಚು. ಹದಿನಾರನೆಯ ದಿನ ಯಜಮಾನರು ಕಾಫಿಯ ಲೋಟವನ್ನು ಕೆಳಗಿಟ್ಟು, "ಈ ಗದ್ದಲವೆಲ್ಲ ಸಾಕು, ಇನ್ನು ಊರಿಗೆ ಹೋಗಿ ಇದ್ದುಬಿಡೋಣ" ಎನ್ನುತ್ತಾರೆ. ಮನೆಯಾಕೆ ಒಳಗಿನಿಂದಲೇ ಕೇಳುತ್ತಾಳೆ: "ಯಾರ ಊರಿಗೆ?"

ಪ್ರಶ್ನೆ ಚಿಕ್ಕದು, ಉತ್ತರ ಸುಲಭವಲ್ಲ. ಬೆಂಗಳೂರಿನಿಂದ ಹೊರಡುವವರಿಗೇ ಇದು ತೊಡಕಾದರೆ, ಮೂವತ್ತು ನಲವತ್ತು ವರ್ಷ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಕಳೆದು, ಮಕ್ಕಳನ್ನು ಅಲ್ಲಿಯೇ ನೆಲೆಗೊಳಿಸಿ, ಹಿಂದಿರುಗಿ ಮಂಡ್ಯದ ಕಡೆಯ ಹುಟ್ಟೂರಿನಲ್ಲಿ ಇರಬೇಕೆನ್ನುವ ದಂಪತಿಗಳಿಗೆ ಇನ್ನಷ್ಟು ತೊಡಕು. ಅಂಥ ಒಂದು ಜೋಡಿಯನ್ನು ಕಣ್ಣಮುಂದೆ ಇಟ್ಟುಕೊಂಡು ಈ ವಾರ ಯೋಚಿಸೋಣ. ಯಜಮಾನರ ಊರು ಗುತ್ತಲು ಎಂದುಕೊಳ್ಳಿ. ಮನೆಯಾಕೆಯ ತವರು ಮೈಸೂರೋ ಹಾಸನವೋ ಇನ್ನೆಲ್ಲೋ. ಹೆಸರು ಬೇಡ. ಇಂಥವರು ಒಬ್ಬರಲ್ಲ.

ಮೊದಲ ಮಾತು, ಹಿಂದಿರುಗುವವರು ಬಿಟ್ಟುಹೋದ ಊರು ಅವರಿಗಾಗಿ ಕಾದು ಕುಳಿತಿರುವುದಿಲ್ಲ. ಗುತ್ತಲು ಇಂದು ಮಂಡ್ಯ ನಗರದೊಳಗೇ ಸೇರಿಹೋಗಿದೆ. ಅರಕೇಶ್ವರಸ್ವಾಮಿಯ ಗುಡಿ ಇದೆ, ಹಳೆಯ ಹೆಸರು ಇದೆ. ಆದರೆ ಸುತ್ತಲೂ ಬಡಾವಣೆ, ಅಂಗಡಿ, ವಾಹನಗಳ ಸದ್ದು. ಇದನ್ನು ಕಂಡು ನಿಟ್ಟುಸಿರು ಬಿಡುವವರು ಒಂದು ಸಂಗತಿಯನ್ನು ನೆನೆಯಬೇಕು. ಅವರ ಬಾಲ್ಯದ ಹಸಿರು ಮಂಡ್ಯವೂ ಅನಾದಿಯಿಂದ ಬಂದದ್ದೇನಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಇರ್ವಿನ್ ನಾಲೆಯಲ್ಲಿ ನೀರು ಹರಿಯುವವರೆಗೆ ಈ ಸೀಮೆಯ ಬಹುಭಾಗ ಮಳೆಯ ಮುಖ ನೋಡುವ ಬೆದ್ದಲು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ನಮ್ಮ ಅಜ್ಜಂದಿರು ರಾಗಿಯ ಹೊಲ ಕಬ್ಬಿನ ಗದ್ದೆಯಾದುದನ್ನು ಕಂಡರು. ನಾವು ಗದ್ದೆ ನಿವೇಶನವಾಗುವುದನ್ನು ಕಾಣುತ್ತಿದ್ದೇವೆ. ನೆನಪಿನ ಊರನ್ನು ಹುಡುಕಿಕೊಂಡು ಬಂದವರು ನಿರಾಶರಾಗುತ್ತಾರೆ. ಇರುವ ಊರಿನಲ್ಲಿ ಬಾಳಲು ಬಂದವರಿಗೆ ಅವಕಾಶ ಉಂಟು.

ಎರಡನೆಯ ಮಾತು ಕಾಗದಪತ್ರದ್ದು. "ಎರಡೆಕರೆ ತೋಟ, ನಡುವೆ ಒಂದು ಹೆಂಚಿನ ಮನೆ" ಎಂಬ ಕನಸು ಬಹಳ ಜನರದು. ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ, ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ಹಳೆಯ ಅಡ್ಡಿ ಸರಿಯಿತು. ಇದನ್ನು ಕೇಳಿದವರು ದಾರಿ ಸುಗಮವಾಯಿತೆಂದು ಭಾವಿಸುತ್ತಾರೆ. ಆದರೆ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವವನ್ನೂ ಉಳಿಸಿಕೊಳ್ಳಲಾಗದು. ಅವರು ಸಾಮಾನ್ಯವಾಗಿ ಹಿಡಿದು ಬರುವುದು ಓ.ಸಿ.ಐ. ಚೀಟಿಯನ್ನು. ಆ ಚೀಟಿ ಇದ್ದವರು ಇಲ್ಲಿ ಎಷ್ಟು ಕಾಲವಾದರೂ ಇರಬಹುದು, ಮತ ಹಾಕುವಂತಿಲ್ಲ, ವಿದೇಶೀ ವಿನಿಮಯದ ನಿಯಮಗಳ ಪ್ರಕಾರ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ತೋಟದ ಮನೆಯನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ. ತಂದೆತಾತಂದಿರಿಂದ ವಾರಸುದಾರಿಕೆಯಲ್ಲಿ ಬಂದುದನ್ನು ಇಟ್ಟುಕೊಳ್ಳಬಹುದು. ವಾಸದ ಮನೆಯನ್ನು ಕೊಳ್ಳಬಹುದು. ಗುತ್ತಲಿನಂತೆ ನಗರದೊಳಗೆ ಸೇರಿದ ಊರಿನಲ್ಲಿ ಮನೆ ಮಾಡುವವರಿಗೆ ಇದೊಂದು ಅನುಕೂಲವೇ ಸರಿ. ಆದರೂ ಪಹಣಿ, ಖಾತೆ, ಭೂಪರಿವರ್ತನೆಯ ಆದೇಶ, ಈ ಮೂರನ್ನೂ ಬಲ್ಲ ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು. "ನಮ್ಮವರೇ, ಮಾತು ಸಾಕು" ಎಂಬ ಭರವಸೆಯಿಂದ ಎಷ್ಟೋ ಅಣ್ಣತಮ್ಮಂದಿರ ನಂಟು ನ್ಯಾಯಾಲಯದ ಮೆಟ್ಟಿಲು ಹತ್ತಿದೆ.

ಕಾಗದದ ತೊಡಕನ್ನು ವಕೀಲರು ಬಿಡಿಸಿಯಾರು. ಮೂರನೆಯ ತೊಡಕು ಮನೆಯೊಳಗಿನದು. ಅದನ್ನು ಗಂಡಹೆಂಡಿರೇ ಬಿಡಿಸಬೇಕು. "ಊರಿಗೆ ಹೋಗೋಣ" ಎಂದಾಗ ಯಜಮಾನರ ಕಣ್ಣಿನಲ್ಲಿ ಹೊಳೆಯುವುದು ಅವರ ಬಾಲ್ಯ. ಮನೆಯಾಕೆಗೆ ಆ ಊರಿನಲ್ಲಿ ಬಾಲ್ಯವಿಲ್ಲ. ಮದುವೆಯಾದ ಹೊಸತರಲ್ಲಿ ಕೆಲವು ತಿಂಗಳು, ಆಮೇಲೆ ರಜೆಯ ಕೆಲವು ವಾರ. ಅಲ್ಲಿ ಆಕೆ ಕಂಡದ್ದು ಅಡುಗೆಮನೆ, ಅತ್ತೆ, ನೆಂಟರ ಸಾಲು. ಒಮ್ಮೆ ಗಂಡನ ಉದ್ಯೋಗಕ್ಕಾಗಿ ಸಮುದ್ರ ದಾಟಿ, ಹಿಮದ ನಾಡಿನಲ್ಲಿ ಹೊಸ ಭಾಷೆ ಕಲಿತು, ಮೋಟಾರು ನಡೆಸಲು ಕಲಿತು, ಸ್ನೇಹಿತೆಯರನ್ನು ಸಂಪಾದಿಸಿಕೊಂಡ ಹೆಂಗಸು, ಅರುವತ್ತೈದನೆಯ ವಯಸ್ಸಿನಲ್ಲಿ ಅದೆಲ್ಲವನ್ನೂ ಬಿಟ್ಟು ಬರಬೇಕು. ಯಜಮಾನರು ಸ್ವದೇಶಕ್ಕೆ ಹಿಂದಿರುಗುತ್ತಾರೆ. ಆಕೆ ಎರಡನೆಯ ಬಾರಿ ಪರದೇಶಕ್ಕೆ ಹೊರಡುತ್ತಾಳೆ. ಈ ವ್ಯತ್ಯಾಸವನ್ನು ಇಬ್ಬರೂ ಮನಸ್ಸಿಗೆ ತಂದುಕೊಳ್ಳದಿದ್ದರೆ ಎಷ್ಟು ಚೆಂದದ ಮನೆ ಕಟ್ಟಿದರೂ ಅದು ಒಬ್ಬರ ಮನೆಯೇ ಆದೀತು.

ಮೇಲಾಗಿ, ನಿವೃತ್ತಿಯ ತಾರೀಖು ಅಡುಗೆಮನೆಗೆ ಇಲ್ಲ. ಊರಿನಲ್ಲಿದ್ದೇವೆಂದು ತಿಳಿದೊಡನೆ ಬರುವವರು ಹೆಚ್ಚುತ್ತಾರೆ. ಪಿತೃಪಕ್ಷದ ಎಡೆ, ಯುಗಾದಿ, ಮರುದಿನದ ಹೊಸತೊಡಕು, ಯಾರದೋ ಮನೆಯ ಬೀಗರ ಊಟ. ಜಗಲಿಯಲ್ಲಿ ಕುಳಿತ ಯಜಮಾನರು "ಬನ್ನಿ, ಬನ್ನಿ" ಎನ್ನುತ್ತಾರೆ. ಒಳಗೆ ಮುದ್ದೆ ತಿರುವುವ ಕೈ ಯಾರದು? ಹೊರಡುವ ಮೊದಲೇ ಈ ಕೆಲಸದ ಪಾಲು ಆಗಬೇಕು. ಪಾತ್ರೆ ತೊಳೆಯುವ ಯಂತ್ರವನ್ನು ಪರದೇಶದಿಂದ ತರುವುದಕ್ಕಿಂತ, ಅಲ್ಲಿ ಪಾತ್ರೆ ತೊಳೆಯಲು ಕಲಿತಿದ್ದ ಯಜಮಾನರನ್ನು ಇಲ್ಲಿಗೂ ಹಾಗೆಯೇ ಕರೆತರುವುದು ಮೇಲು. ಊರಿನವರು ಒಂದು ವಾರ ನಕ್ಕಾರು. ಎರಡನೆಯ ವಾರ ಮರೆತಾರು.

ಹೊಸಬರಾಗಿ ಬಾಳುವ ವಿದ್ಯೆಯನ್ನು ಕಲಿಸಬಲ್ಲ ನಿದರ್ಶನಗಳು ನಮ್ಮ ನಾಡಿನಲ್ಲಿಯೇ ಇವೆ. ಕೆನಡಾದಲ್ಲಿ 1878ರಲ್ಲಿ ಹುಟ್ಟಿದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಉಪಾಯವನ್ನು ರೈತರಿಗೆ ತೋರಿಸಿಕೊಟ್ಟರು. ಮಂಡ್ಯದ ಸಕ್ಕರೆ ಕಾರ್ಖಾನೆಯ ಹುಟ್ಟಿನಲ್ಲಿ ಮುಖ್ಯ ಪಾತ್ರ ವಹಿಸಿದರು. 1934ರಲ್ಲಿ ಸೇವೆ ಮುಗಿಸಿ ಸ್ವದೇಶಕ್ಕೆ ಹೋದವರು, 1954ರಲ್ಲಿ ಕಣ್ಮುಚ್ಚುವುದಕ್ಕೆ ಮುನ್ನ, 1953ರಲ್ಲಿ ಮತ್ತೊಮ್ಮೆ ಮೈಸೂರಿಗೆ ಬಂದು ಹೋದರು. ಪರದೇಶದವರನ್ನು ಮಂಡ್ಯದ ಸೀಮೆ ತನ್ನವರೆಂದು ಇಂದಿಗೂ ನೆನೆಯುತ್ತದೆಯಾದರೆ ಅದಕ್ಕೆ ಕಾರಣ ಅವರು ಇಲ್ಲಿ ಕೊಂಡ ಜಮೀನಲ್ಲ. ಇಲ್ಲಿನವರ ಕಷ್ಟವನ್ನು ಕೇಳಿ ತಿಳಿದದ್ದು.

ಕೇಳಿ ತಿಳಿಯುವ ಈ ಕೆಲಸ ದಿನದಿನವೂ ಬಾಗಿಲಲ್ಲೇ ನಡೆಯಬೇಕು. ಪಾಶ್ಚಾತ್ಯ ದೇಶಗಳಲ್ಲಿ ನೆರೆಯವರ ಗೋಜಿಗೆ ಹೋಗದಿರುವುದು ಸಭ್ಯತೆ. ನಮ್ಮಲ್ಲಿ ಹೋಗದಿರುವುದು ಬಿಗುಮಾನ. "ಊಟ ಆಯ್ತಾ ಅಣ್ಣ?" ಎಂದರೆ ಅದು ವಿಚಾರಣೆಯಲ್ಲ, ನಮಸ್ಕಾರ. "ಇವತ್ತು ಏನು ಸಾರವ್ವ? ಮಕ್ಕಳೆಲ್ಲ ಅಲ್ಲೇ ಅವರಾ? ಇಬ್ಬರೇ ಇದ್ದೀರಲ್ಲ, ಬೇಜಾರಾಗಕಿಲ್ವಾ?" ಎಂದು ಪಕ್ಕದ ಮನೆಯ ಅವ್ವ ಕೇಳಿದರೆ ಮುಖ ಬಿಗಿಯಬಾರದು. ನಾಳೆ ಜ್ವರ ಬಂದು ಎರಡು ದಿನ ಬಾಗಿಲು ತೆರೆಯದಿದ್ದರೆ ಮೊದಲು ಕದ ಬಡಿಯುವವಳು ಆಕೆಯೇ. ಮನೆಯಲ್ಲಿ ಎಲ್ಲವೂ ತುಂಬಿದ್ದರೂ ಒಮ್ಮೆ ಹೆಪ್ಪಿಗೆ ಮಜ್ಜಿಗೆಯನ್ನು ಕೇಳಿ ತನ್ನಿ. ಅವರು ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬೇಡಿ. ಅವರೆಕಾಯಿಯ ಕಾಲದಲ್ಲಿ ಹಿದುಕಲು ನಾಲ್ವರನ್ನು ಕರೆಯಿರಿ. ಯಾರಿಗೂ ಋಣಿಯಾಗದೆ ಬಾಳುತ್ತೇನೆಂಬುದು ಪಟ್ಟಣದಲ್ಲಿ ಹೆಮ್ಮೆಯ ಮಾತಾದೀತು. ಹಳ್ಳಿಯಲ್ಲಿ ಅದು ಒಂಟಿತನದ ಪೀಠಿಕೆ. ಚಿಕ್ಕ ಚಿಕ್ಕ ಋಣಗಳನ್ನು ಮಾಡಿಕೊಂಡು ತೀರಿಸುತ್ತಾ ಹೋಗುವುದೇ ಊರಿನವರಾಗುವ ಮಾರ್ಗ. ಮನೆಯಾಕೆಯ ಪರದೇಶ ಊರಾಗುವುದೂ ಹೀಗೆಯೇ. ಗಂಡನ ಬಳಗದ ಹಂಗಿಲ್ಲದೆ ಆಕೆ ತಾನಾಗಿ ಸಂಪಾದಿಸಿದ ಇಬ್ಬರು ಗೆಳತಿಯರಿದ್ದರೆ ಅರ್ಧ ಕೆಲಸವಾದಂತೆ.

ಇನ್ನು ಹೇಳಲು ಹಿಂಜರಿಯುವ, ಆದರೆ ಹೇಳಲೇಬೇಕಾದ ಮಾತು. ಜೊತೆಯಾಗಿ ಬಂದವರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಉಳಿದವರು ಅಲ್ಲಿ ಇರಬಲ್ಲರೆ? ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರೂ ಚಿತ್ರತಾರೆ ದೇವಿಕಾರಾಣಿಯವರೂ 1945ರಲ್ಲಿ ಮದುವೆಯಾಗಿ, ಮುಂದೆ ಬೆಂಗಳೂರಿನ ಹೊರಗೆ ಕನಕಪುರದ ರಸ್ತೆಯ ತಾತಗುಣಿಯ ತೋಟದಲ್ಲಿ ನೆಲೆಸಿದ್ದು ಹಲವರಿಗೆ ನೆನಪಿದ್ದೀತು. ಸಿನಿಮಾದ ವೈಭವವನ್ನು ಬಿಟ್ಟು ಬಂದಾಕೆ, ದೇಶವನ್ನೇ ಬಿಟ್ಟು ಬಂದಾತ. ನಾನೂರು ಎಕರೆಗೂ ಮೀರಿದ ತೋಟ. ಸುಗಂಧ ತೈಲಕ್ಕಾಗಿ ಬೆಳೆಸಿದ ಲಿನಾಲೋ ಮರಗಳು. ಮಕ್ಕಳಿರಲಿಲ್ಲ. 1993ರ ಜನವರಿಯಲ್ಲಿ ರೋರಿಕ್, 1994ರ ಮಾರ್ಚಿಯಲ್ಲಿ ದೇವಿಕಾರಾಣಿ ತೀರಿಕೊಂಡರು. ಆಮೇಲೆ ಆ ಆಸ್ತಿ ವ್ಯಾಜ್ಯಗಳಲ್ಲಿ ಸಿಲುಕಿ, ಸರ್ಕಾರ ಅದನ್ನು ವಹಿಸಿಕೊಂಡ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಎತ್ತಿಹಿಡಿಯಿತು. ಅಷ್ಟು ದೊಡ್ಡವರ ಆಸ್ತಿಗೇ ಹಾಗಾದರೆ ನಮ್ಮ ನಿಮ್ಮ ಮನೆಯ ಮಾತೇನು? ಕಾಲಿಗೆ ಕಸುವಿರುವಾಗಲೇ, ಬುದ್ಧಿ ತಿಳಿಯಾಗಿರುವಾಗಲೇ, ಉಯಿಲನ್ನು ಬರೆದು ನೋಂದಾಯಿಸಬೇಕು. ಬ್ಯಾಂಕಿನ ಖಾತೆಯಲ್ಲಿ ಇಬ್ಬರ ಹೆಸರೂ ಇರಬೇಕು. ಯಾವ ಕಾಗದ ಯಾವ ಬೀರುವಿನಲ್ಲಿದೆಯೆಂದು ಮನೆಯಾಕೆಗೆ ತಿಳಿದಿರಬೇಕು. ಒಬ್ಬರೇ ಉಳಿದಾಗ ಎಲ್ಲಿರಬೇಕೆಂಬುದನ್ನು ಮಕ್ಕಳ ಕೂಡೆ ಈಗಲೇ ಮಾತಾಡಬೇಕು. ಇದು ಅಪಶಕುನದ ಮಾತಲ್ಲ, ಪ್ರೀತಿಯ ಮಾತು.

ಆದುದರಿಂದ ಹೊರಡುವ ಮನಸ್ಸುಳ್ಳವರಿಗೆ ನಮ್ಮ ಸಲಹೆ ಇಷ್ಟು. ಅಲ್ಲಿನ ಮನೆಯನ್ನು ಮಾರದೆ, ಇಲ್ಲಿನದನ್ನು ಕಟ್ಟದೆ, ಮೊದಲು ಒಂದು ಪೂರ್ಣ ವರ್ಷ ಬಾಡಿಗೆಯ ಮನೆಯಲ್ಲಿದ್ದು ನೋಡಿ. ಸಂಕ್ರಾಂತಿಯ ಹುಗ್ಗಿಗೆ ಬಂದು ಹೋಗುವವರಿಗೆ ಏಪ್ರಿಲ್ಲಿನ ಸೆಕೆಯಾಗಲಿ ಮಳೆಗಾಲದ ಸೊಳ್ಳೆಯಾಗಲಿ ಗೊತ್ತಾಗದು. ವೈದ್ಯರು ಎಷ್ಟು ದೂರವೆಂದು ಮೈಲಿಯಲ್ಲಿ ಅಲ್ಲ, ರಾತ್ರಿಯ ನಿಮಿಷಗಳಲ್ಲಿ ಲೆಕ್ಕ ಹಾಕಿ. ಮಂಡ್ಯದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೇ ಇದೆ. 2023ರಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ದೂರವೂ ಕಡಮೆಯಾಗಿದೆ. ಪೇಟೆಯ ಮಗ್ಗುಲಿನ ಗುತ್ತಲು ಹಳ್ಳಿಯಾಗಿ ಉಳಿದಿಲ್ಲವೆಂದು ಕೊರಗುವವರಿಗೆ ಎಪ್ಪತ್ತು ದಾಟಿದ ಮೇಲೆ ಅದರ ಬೆಲೆ ತಿಳಿದೀತು. ವರ್ಷದ ಕೊನೆಯಲ್ಲಿ ತೀರ್ಮಾನಿಸುವಾಗ ಮೊದಲ ಮಾತು ಮನೆಯಾಕೆಯದಿರಲಿ. ಆಕೆ "ಬೇಡ" ಎಂದರೆ ಅದೂ ಒಂದು ಉತ್ತರವೇ.

ಮಂಡ್ಯದ ರೈತರು ಬಲ್ಲ ಒಂದು ಬೆಳೆಯುಂಟು, ಕೂಳೆ ಕಬ್ಬು. ಮೊದಲ ಬೆಳೆಯನ್ನು ಕಡಿದ ಮೇಲೆ ಗದ್ದೆಯನ್ನು ಅಗೆದು ಹೊಸದಾಗಿ ನೆಡದೆ, ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಸವರಿ, ಮಣ್ಣನ್ನು ಸಡಿಲಿಸಿ, ಗೊಬ್ಬರ ನೀರು ಕೊಡುತ್ತಾರೆ. ಹಳೆಯ ಬೇರಿನಿಂದಲೇ ಹೊಸ ಚಿಗುರು ಬರುತ್ತದೆ. ಚಿಗುರದೆ ಬರಿದಾದ ಕಡೆ ಹೊಸ ತುಂಡನ್ನು ನೆಟ್ಟು ತುಂಬುತ್ತಾರೆ. ಇಳುವರಿ ತುಸು ಕಡಮೆ, ಖರ್ಚೂ ಕಡಮೆ, ಮಾಗುವುದು ಬೇಗ. ಆದರೆ ತಾನಾಗಿ ಬಂದೀತೆಂದು ಸುಮ್ಮನೆ ಬಿಟ್ಟರೆ ಕಳೆ ತುಂಬೀತು. ನಿವೃತ್ತಿಯ ಬಾಳುವೆಯೂ ಅಂಥದೇ. ಹಳೆಯ ಅಧಿಕಾರದ ಮೋಟನ್ನು ಸವರಬೇಕು, ಬರಿದಾದ ಕಡೆ ಹೊಸ ಸ್ನೇಹವನ್ನು ನೆಡಬೇಕು, ಇಬ್ಬರೂ ಕೂಡಿ ನೀರು ಕಟ್ಟಬೇಕು. ಹಾಗೆ ಮಾಡಿದವರ ಮನೆಯಲ್ಲಿ "ಯಾರ ಊರಿಗೆ?" ಎಂಬ ಪ್ರಶ್ನೆಗೆ "ನಮ್ಮ ಊರಿಗೆ" ಎಂಬ ಉತ್ತರ ನಿಧಾನವಾಗಿಯಾದರೂ ದೊರೆಯುತ್ತದೆ.