ಗಾಳಿ ನಮ್ಮದು, ಕಾಗದ ಯಾರ ಭಾಷೆಯದು?



ಯಲ್ಲಮ್ಮನ ಜಾತ್ರೆಗೆ ಹೋದವರು ಸವದತ್ತಿ ಸೀಮೆಯ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ರೇಣುಕಾ ಸಾಗರದ ನೀರನ್ನು ಗುಡ್ಡಕ್ಕೇರಿಸಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವ ಯೋಜನೆಯೂ ಅದೇ ತಾಲ್ಲೂಕಿನದು. ಶುದ್ಧ ಇಂಧನ ಬೇಕೇ ಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದ್ದನ್ನು ಕಂಡವರಿಗೆ ಹವಾಮಾನದ ಪಾಠ ದಿಲ್ಲಿ ಹೇಳಬೇಕಿಲ್ಲ.

ಆದರೆ ದಿಲ್ಲಿಯ ನೀತಿ ಎಷ್ಟು ಗಟ್ಟಿ? 2010ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ ಶುದ್ಧ ಇಂಧನ ನಿಧಿ ಕಟ್ಟಿದರು. 2014ರಲ್ಲಿ ಸರಕಾರ ಬದಲಾಯಿತು. 2022ಕ್ಕೆ 20,000 ಮೆಗಾವಾಟ್ ಎಂದಿದ್ದ ಸೌರ ಗುರಿ 1,00,000ಕ್ಕೆ ಜಿಗಿಯಿತು. ಅದನ್ನು ಮುಟ್ಟಿದ್ದು 2025ರಲ್ಲಿ. ಸೆಸ್ 400 ರೂಪಾಯಿಗೇರಿತು. 2017ರಲ್ಲಿ ಜಿಎಸ್‌ಟಿ ಬಂದು ಆ 400 ರೂಪಾಯಿ ರಾಜ್ಯಗಳ ನಷ್ಟ ತುಂಬುವ ಲೆಕ್ಕಕ್ಕೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ಸೇ ಹೋಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ. 18 ಆಯಿತು. ಕುರ್ಚಿ ಬದಲಾದರೂ, ಬದಲಾಗದಿದ್ದರೂ ದಿಲ್ಲಿಯ ಅಂಕಿ ಬದಲಾಗುತ್ತದೆ. ರೈತ ಹಾಕಿದ ಸಹಿ ಮಾತ್ರ ಬದಲಾಗುವುದಿಲ್ಲ!

ಆ ಸಹಿ ಯಾವ ಭಾಷೆಯ ಕಾಗದದ ಮೇಲೆ? 2006ರ ಪರಿಸರ ಅಧಿಸೂಚನೆಯಡಿ ಗಾಳಿಯಂತ್ರಕ್ಕೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಹೊಲ ಕೊಡುವವನ ಕೈಯಲ್ಲಿ ಉಳಿಯುವುದು ಕರಾರು ಪತ್ರ ಒಂದೇ. ಸಭೆ ನಡೆಯುವ ಯೋಜನೆಗಳಲ್ಲೂ ಕನ್ನಡದಲ್ಲಿ ಕೊಡಬೇಕಾದದ್ದು ವರದಿಯ ಸಾರಾಂಶವಷ್ಟೇ.

2020ರಲ್ಲಿ ಈ ಅಧಿಸೂಚನೆಯನ್ನು ಬದಲಿಸಲು ಕೇಂದ್ರ ಹೊರಟಿತು. ಕರಡನ್ನು 22 ಭಾಷೆಗಳಲ್ಲಿ ಕೊಡಿ ಎಂದು ದಿಲ್ಲಿ ಹೈಕೋರ್ಟ್ ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಓಡಿತು! ಅದೇ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಭಾಷೆಯ ಪ್ರಶ್ನೆಗೆ ಎಷ್ಟು ಬಲವಿದೆ, ನೋಡಿದಿರಾ?

ಪಾವಗಡದ ರೈತರು ಸೋಲಾರ್ ಪಾರ್ಕಿಗೆ ಭೂಮಿ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟರು. ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ನಮ್ಮ ಸೀಮೆಯ ಕರಾರಿನಲ್ಲಿ ಏನಿದೆ? ಬಾಡಿಗೆ ಏರುತ್ತದೆಯೇ? ಕಂಪನಿ ಕೈ ಬದಲಾದರೆ ಹಣ ಕೊಡುವವರು ಯಾರು? ಅವಧಿ ಮುಗಿದ ಮೇಲೆ ಹೊಲದ ಕಾಂಕ್ರೀಟು ಕೀಳುವವರು ಯಾರು?

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಇಂಗ್ಲಿಷ್ ಓದಿದ ಗೆಳೆಯರೇ, ಈ ಸಲ ಬೈಲಹೊಂಗಲಕ್ಕೋ ಸವದತ್ತಿಗೋ ಹೋದಾಗ ಅಪ್ಪ, ಕಾಕಾರ ಪೆಟ್ಟಿಗೆಯಲ್ಲಿರುವ ಆ ಕಾಗದ ತೆಗೆಸಿ. ಸಾಲು ಸಾಲು ಕನ್ನಡದಲ್ಲಿ ಓದಿ ಹೇಳಿ. ಸಹಿ ಇನ್ನೂ ಆಗಿಲ್ಲವೆಂದರೆ ಕನ್ನಡದ ಪ್ರತಿ ಕೇಳಿಸಿ. ಕಂಪನಿಯ ಮಾತಿಗೆ ತಲೆಬಾಗದಿರುವುದನ್ನು ಕಿತ್ತೂರು 1824ರಲ್ಲೇ ಕಲಿಸಿದೆ.

ಕನ್ನಡದಲ್ಲಿ ಕರಾರಿಲ್ಲವೇ? ಸಹಿಯೂ ಇಲ್ಲ!