ಒಡೆಯನಿಲ್ಲದ ಜೀವಗಳು

ಮನೆಯ ಹಸುವು ಮೇವು ಬಿಟ್ಟರೆ ಒಡೆಯನು ಪಶುವೈದ್ಯರಲ್ಲಿಗೆ ಓಡುವನು. ಬೀದಿಯ ನಾಯಿಯ ಕಾಲು ವಾಹನದ ಚಕ್ರಕ್ಕೆ ಸಿಕ್ಕಿ ಮುರಿದರೆ ಓಡುವವರಾರು? ಹಾಲು ಕೊಡುವ, ಹೊರೆ ಹೊರುವ, ಮನೆ ಕಾಯುವ ಪ್ರಾಣಿಗಳ ಕಡೆಗೆ ಮನುಷ್ಯನ ಕರುಣೆಯು ಸುಲಭವಾಗಿ ಹರಿಯುವುದು. ಪ್ರಯೋಜನವೂ ಇಲ್ಲದ, ಒಡೆಯನೂ ಇಲ್ಲದ ಜೀವದ ವಿಷಯದಲ್ಲಿ ನಮ್ಮ ಧರ್ಮವೇನೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿರುವೆವು.

ನಮ್ಮ ದೇಶಕ್ಕೆ ಪಶುವೈದ್ಯವು ಹೊಸದಲ್ಲ. ಅಶ್ವಚಿಕಿತ್ಸೆಯಲ್ಲಿ ಶಾಲಿಹೋತ್ರನ ಹೆಸರೂ ಗಜಚಿಕಿತ್ಸೆಯಲ್ಲಿ ಪಾಲಕಾಪ್ಯನ ಹೆಸರೂ ಪ್ರಸಿದ್ಧವಾದುವು. ಕನ್ನಡದಲ್ಲಿಯೂ 12ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಆದರೆ ಕುದುರೆಯೂ ಆನೆಯೂ ಅರಸನ ಸೇನೆಗೆ ಬೇಕಾದುವು. ಗೋವು ಒಕ್ಕಲಿಗನ ಮನೆಗೆ ಬೇಕಾದುದು. ಅಶೋಕ ಚಕ್ರವರ್ತಿಯು ತನ್ನ ಎರಡನೆಯ ಬಂಡೆಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಔಷಧಿಯ ಮೂಲಿಕೆಗಳಿಲ್ಲದ ಕಡೆಗೆ ಅವುಗಳನ್ನು ತರಿಸಿ ನೆಡಿಸಿದುದನ್ನೂ ಹೇಳಿರುವನು. ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯ ಶಾಸನದಲ್ಲಿ ಮಾತಾಪಿತೃಗಳ ಶುಶ್ರೂಷೆ, ಸತ್ಯವಚನ ಇವುಗಳ ಸಾಲಿನಲ್ಲಿಯೇ ಜೀವದಯೆಯೂ ಸೇರಿದೆ. ಅಲ್ಲಿ ಜೀವವೆಂದರೆ ಜೀವ. ಒಡೆಯನು ಯಾರೆಂಬ ಪ್ರಶ್ನೆಯೇ ಇಲ್ಲ.

ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಕಥೆಯನ್ನು ಅರಿಯದವರಿಲ್ಲ. ಆದರೆ ಮಹಾಭಾರತದ ಆದಿಯಲ್ಲಿಯೂ ಒಂದು ನಾಯಿಯ ಕಥೆಯುಂಟೆಂಬುದನ್ನು ಅನೇಕರು ಗಮನಿಸಿರಲಾರರು. ಜನಮೇಜಯನ ಸತ್ರಶಾಲೆಯ ಬಳಿಗೆ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೋಡಿಯೂ ಇರಲಿಲ್ಲ, ನೆಕ್ಕಿಯೂ ಇರಲಿಲ್ಲ. ಅದರ ತಾಯಿಯಾದ ಸರಮೆಯು ಬಂದು, ನನ್ನ ಮಗನ ಅಪರಾಧವೇನೆಂದು ಕೇಳಿದಾಗ ಅವರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ನಿಮಗೆ ಕಾಣದಿರುವ ಭಯವು ಬರಲೆಂದು ಅವಳು ಶಪಿಸಿದಳು. ಆ ಶಾಪದ ಪರಿಹಾರಕ್ಕಾಗಿ ಅರಸನು ಪುರೋಹಿತನನ್ನು ಹುಡುಕಿಕೊಂಡು ಹೊರಡಬೇಕಾಯಿತು. ನಿರಪರಾಧಿಯಾದ ಒಂದು ಮರಿಯ ನೋವಿಗೆ ಚಕ್ರವರ್ತಿಯ ಮನೆಯೂ ಉತ್ತರ ಹೇಳಬೇಕೆಂಬುದೇ ಇದರ ತಾತ್ಪರ್ಯವಷ್ಟೆ.

ಈಚಿನ ಚರಿತ್ರೆಗೆ ಬರೋಣ. 1832ರಲ್ಲಿ ಮುಂಬಯಿಯ ಆಂಗ್ಲ ಅಧಿಕಾರಿಗಳು ಬೀದಿಯ ನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಅದನ್ನು ಪ್ರತಿಭಟಿಸಿ ದೊಡ್ಡ ಗಲಭೆಯೇ ನಡೆಯಿತು. 1834ರಲ್ಲಿ ಜಮ್ಶೆಟ್ಜಿ ಜೀಜಿಭಾಯಿ ಮೊದಲಾದ ಮಹನೀಯರು ಅಲ್ಲಿ ಪಾಂಜರಾಪೋಲನ್ನು ಸ್ಥಾಪಿಸಿದರು. ಗಲಭೆಯು ಅಡಗಿ ಹೋಯಿತು, ಆಶ್ರಯವು ಉಳಿಯಿತು. ನಮ್ಮ ಕಾಲದಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆಯು 1959ರಲ್ಲಿ ದೆಹಲಿಯಲ್ಲಿಯೂ, 1980ರಲ್ಲಿ ಜಯಪುರದಲ್ಲಿಯೂ ಇಂತಹ ಸಂಸ್ಥೆಗಳನ್ನು ಕಟ್ಟಿ, ಮುಪ್ಪಿನ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಆರಂಭಿಸಿದರು. 1996ರಲ್ಲಿ ಅವರು ಕಾಲವಾದರೂ ಕಾರ್ಯವು ನಿಲ್ಲಲಿಲ್ಲ.

ಇಂತಹ ಆಶ್ರಯಗಳಲ್ಲಿ ನಡೆಯುವ ಕೆಲಸವು ಬರಿಯ ಅನ್ನದಾನವಲ್ಲ. ಗಾಯಗೊಂಡು ಬಂದ ಪ್ರಾಣಿಯನ್ನು ಮೊದಲು ಬೇರೆಯಾಗಿ ಇರಿಸುವರು. ಅದರ ರೋಗವು ಉಳಿದವಕ್ಕೆ ಅಂಟಬಾರದು. ಹುಣ್ಣಿನಲ್ಲಿ ಹುಳು ಬಿದ್ದಿದ್ದರೆ ಒಂದೊಂದನ್ನೇ ತೆಗೆದು ತೊಳೆಯುವರು. ಮೂಳೆ ಮುರಿದಿದ್ದರೆ ಕ್ಷಕಿರಣದಿಂದ ಪರೀಕ್ಷಿಸಿ ಕಟ್ಟುವರು. ಉಳಿಸಲಾಗದ ಕಾಲನ್ನು ಶಸ್ತ್ರದಿಂದ ತೆಗೆಯುವರು. ಇದನ್ನು ಕೇಳಿ ಮರುಗುವವರು ಒಂದನ್ನು ತಿಳಿದಿರಬೇಕು: ನಾಯಿಯ ಭಾರದಲ್ಲಿ ಹೆಚ್ಚಿನ ಪಾಲನ್ನು ಮುಂಗಾಲುಗಳೇ ಹೊರುವುದರಿಂದ, ಒಂದು ಹಿಂಗಾಲಿಲ್ಲದ ನಾಯಿಯು ಸ್ವಲ್ಪಕಾಲದಲ್ಲಿಯೇ ಮೂರು ಕಾಲಿನಲ್ಲಿ ಓಡುವುದನ್ನು ಕಲಿಯುವುದು. ತನ್ನ ಊನವನ್ನು ಕುರಿತು ಅದು ಚಿಂತಿಸುತ್ತ ಕೂರದು. ಗುಣವಾದ ಮೇಲೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನೂ ಹುಚ್ಚುನಾಯಿರೋಗದ ಲಸಿಕೆಯನ್ನೂ ಮಾಡಿ, ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸುವರು. ಬೀದಿಯಲ್ಲಿ ಅಂತಹ ಕಿವಿಯನ್ನು ಕಂಡರೆ ಈ ಚಿಕಿತ್ಸೆಯು ನಡೆದಿದೆಯೆಂದು ತಿಳಿಯಬಹುದು.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ಹಗುರವಾಗಿ ತಳ್ಳಿಬಿಡಬಾರದು. ಶಾಲೆಗೆ ಹೋಗುವ ಮಗುವನ್ನು ನಾಯಿ ಕಚ್ಚಿದರೆ ಈ ದಯೆಯಿಂದ ಆ ತಾಯಿಗೇನು ಫಲವೆಂದು ಕೇಳುವವರಿದ್ದಾರೆ. ಅವರ ಭಯವು ನ್ಯಾಯವಾದುದೇ. ಹುಚ್ಚುನಾಯಿರೋಗದ ಲಕ್ಷಣಗಳು ಕಾಣಿಸಿಕೊಂಡ ಬಳಿಕ ರೋಗಿಯು ಬದುಕುವುದು ಅತ್ಯಂತ ವಿರಳ. ಮಗುವಿನ ಪ್ರಾಣಕ್ಕೆ ಬೆಲೆಕೊಡದ ದಯೆಯು ದಯೆಯಲ್ಲ. ಆದರೆ ನಾಯಿಗಳನ್ನು ಕೊಲ್ಲುವುದೊಂದರಿಂದಲೇ ಈ ರೋಗವು ಅಳಿಯದು. ತೆರವಾದ ಬೀದಿಗೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬಂದು ಸೇರುವುವು. ನೂರಕ್ಕೆ 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಣಿಯು ಕಡಿಯುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಹೀಗಿರಲು ನಾಯಿಯನ್ನು ಕಾಯುವ ಕೆಲಸವೂ ಮಗುವನ್ನು ಕಾಯುವ ಕೆಲಸವೂ ಒಂದೇ ಆಗುವುದು.

ಶಾಸನವೂ ಈ ದಾರಿಯನ್ನೇ ಹಿಡಿದಿದೆ. 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಕೆಳಗೆ 2001ರಲ್ಲಿಯೂ, ಮತ್ತೆ 2023ರಲ್ಲಿಯೂ ಸಂತಾನನಿಯಂತ್ರಣದ ನಿಯಮಗಳು ಹೊರಟುವು. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆಯೂ ಲಸಿಕೆಯೂ ಆದ ನಾಯಿಗಳನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದೂ, ಹುಚ್ಚು ಹಿಡಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಡಬಾರದೆಂದೂ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ ಮುಂತಾದೆಡೆಗಳಿಂದ ಹಿಡಿದವನ್ನು ಆಶ್ರಯಗಳಿಗೆ ಸೇರಿಸಬೇಕೆಂದು ಆಜ್ಞಾಪಿಸಿತು. ಆಶ್ರಯಗಳ ಹೊರೆಯು ಇದರಿಂದ ಹೆಚ್ಚುವುದೆಂಬುದು ಸ್ಪಷ್ಟ.

ಗೃಹಸ್ಥರು ಮಾಡಬೇಕಾದುದೇನು? ಗಾಯಗೊಂಡ ಪ್ರಾಣಿಯು ನೋವಿನಿಂದ ತನ್ನನ್ನು ಸಾಕಿದವರನ್ನೂ ಕಚ್ಚುವುದುಂಟು. ಆದುದರಿಂದ ಬರಿಗೈಯಲ್ಲಿ ಮುಟ್ಟದೆ, ದಪ್ಪ ಕಂಬಳಿಯನ್ನು ಹೊದಿಸಿ, ಹಲಗೆಯ ಮೇಲೆ ಅಲುಗಾಡದಂತೆ ಎತ್ತಿರಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿರಿ. ಮನುಷ್ಯರ ಮಾತ್ರೆಯನ್ನು ನುಂಗಿಸಬೇಡಿರಿ. ನಮ್ಮ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವು. ಮಕ್ಕಳನ್ನು ದೂರವಿರಿಸಿ ಆಶ್ರಯದವರಿಗೆ ಕೂಡಲೆ ಸುದ್ದಿ ಮುಟ್ಟಿಸಿರಿ. ಯಾರನ್ನಾದರೂ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು 15 ನಿಮಿಷಗಳ ಕಾಲ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಸುಣ್ಣ ಮೆಣಸುಗಳ ಉಪಚಾರಕ್ಕೆ ಕೈಹಾಕದೆ, ಅದೇ ದಿನ ವೈದ್ಯರಲ್ಲಿ ಲಸಿಕೆ ಹಾಕಿಸಿಕೊಳ್ಳಿರಿ.

ಹಬ್ಬದಲ್ಲಿ ಉಳಿದ ಅನ್ನವನ್ನು ಬೀದಿಗೆ ಚೆಲ್ಲಿ ಪುಣ್ಯವಾಯಿತೆಂದು ತೃಪ್ತರಾಗುವವರು ಬಹುಮಂದಿ. ಅನ್ನವಿಟ್ಟ ನಾಯಿಗೆ ಲಸಿಕೆಯಾಗಿದೆಯೆ ಎಂದು ಕೇಳುವವರು ಕಡಮೆ. ತಿಂಗಳಿಗೊಂದು ಅಲ್ಪ ಮೊತ್ತವನ್ನೋ, ಹಳೆಯ ಕಂಬಳಿಯನ್ನೋ, ಭಾನುವಾರದ ಎರಡು ಗಂಟೆಗಳ ಕೆಲಸವನ್ನೋ ಸಮೀಪದ ಆಶ್ರಯಕ್ಕೆ ಕೊಡುವ ಮನೆಯು ಆ ಪುಣ್ಯವನ್ನು ಪೂರ್ಣಮಾಡುವುದು. ಸರಮೆಯ ಪ್ರಶ್ನೆಗೆ ಸತ್ರಶಾಲೆಯಲ್ಲಿ ಉತ್ತರ ದೊರೆಯಲಿಲ್ಲ. ನಮ್ಮ ಬೀದಿಯ ಮನೆಗಳಲ್ಲಾದರೂ ದೊರೆಯಲಿ.