ಕಡತದಲ್ಲಿ ಇಲ್ಲದ ಹಾಳೆ

ಉತ್ತರ ಕರ್ನಾಟಕದ ಒಂದು ಕಾರಾಗೃಹದಲ್ಲಿ ಗುಮಾಸ್ತನಾಗಿದ್ದವನು ನಾನು. ಆಗಸ್ಟ್ 15, ಜನವರಿ 26 ಹತ್ತಿರ ಬಂತೆಂದರೆ ಮೇಜಿನ ಮೇಲೆ ಜೀವಾವಧಿ ಕೈದಿಗಳ ಕಡತಗಳು ಏರುತ್ತಿದ್ದವು. ಪೊಲೀಸರ ವರದಿ, ಪ್ರೊಬೇಷನ್ ಅಧಿಕಾರಿಯ ವರದಿ, ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ, ಪೆರೋಲ್ ಮೇಲೆ ಹೋದವನು ಹೇಳಿದ ದಿನಕ್ಕೆ ಮರಳಿದನೋ ಇಲ್ಲವೋ ಎಂಬ ಟಿಪ್ಪಣಿ, ಎಲ್ಲವನ್ನೂ ಜೋಡಿಸಿ ದಾರ ಕಟ್ಟುತ್ತಿದ್ದೆ. ಹದಿನಾರು ವರ್ಷ ಜೈಲಿನ ಮಗ್ಗದಲ್ಲಿ ಕಂಬಳಿ ನೇಯ್ದ ಒಬ್ಬ ಮುದುಕ ಬಿಡುಗಡೆಯ ದಿನ ತನ್ನ ತಟ್ಟೆ, ಲೋಟ ತೊಳೆದು ಒಪ್ಪಿಸಿ ಹೋದ. ಅಂಥವನಿಗೆ ಬಾಗಿಲು ತೆರೆಯಲೇಬೇಕು. ಕ್ಷಮಾದಾನ ಇರಬೇಕೆಂದು ನಾನು ಮನಸಾರೆ ನಂಬಿದವನು.

ಅದಕ್ಕೇ 2022ರ ಆಗಸ್ಟ್ 15ರಂದು ಗುಜರಾತಿನ ಗೋಧ್ರಾ ಜೈಲಿನ ಮುಂದೆ ನಡೆದದ್ದನ್ನು ಕಂಡು ನನಗೆ ಆದ ನೋವು ಇಂದಿಗೂ ಆರಿಲ್ಲ. ಬಿಲ್ಕಿಸ್ ಬಾನು ಪ್ರಕರಣದಲ್ಲಿ ಸಾಮೂಹಿಕ ಅತ್ಯಾಚಾರಕ್ಕೂ ಕೊಲೆಗಳಿಗೂ ಜೀವಾವಧಿ ಶಿಕ್ಷೆಯಾಗಿದ್ದ ಹನ್ನೊಂದು ಜನ ಹೊರಬಂದರು. ಹೊರಗೆ ಸಿಹಿ ಹಂಚಿದರು, ಹಾರ ಹಾಕಿದರು. ಆ ಹನ್ನೊಂದು ಜನರಲ್ಲಿ ಮೊದಲು ಅರ್ಜಿ ಹಾಕಿದವನ ಬಿಡುಗಡೆಗೆ ಸಿಬಿಐ ಬೇಡವೆಂದಿತ್ತು. ಮುಂಬೈನ ವಿಶೇಷ ನ್ಯಾಯಾಧೀಶರೂ ಬೇಡವೆಂದಿದ್ದರು. ಆದರೂ ಜೈಲು ಸಲಹಾ ಸಮಿತಿ ಆಗಲೆಂದಿತು. ಆ ಸಮಿತಿಯಲ್ಲಿ ಆಡಳಿತ ಪಕ್ಷವಾದ ಬಿಜೆಪಿಯ ಇಬ್ಬರು ಶಾಸಕರಿದ್ದರು. ಅವರಲ್ಲೊಬ್ಬರಾದ ಗೋಧ್ರಾದ ಸಿ.ಕೆ. ರಾವುಲ್ಜಿ ಬಿಡುಗಡೆಯಾದವರನ್ನು ಕುರಿತು, ಅವರು ಬ್ರಾಹ್ಮಣರು, ಒಳ್ಳೆಯ ಸಂಸ್ಕಾರದವರು ಎಂಬ ಅರ್ಥದ ಮಾತನ್ನು ಕ್ಯಾಮೆರಾದ ಮುಂದೆಯೇ ಆಡಿದರು.

ನಾನು ಕಟ್ಟಿದ ಯಾವ ಕಡತದಲ್ಲೂ ಸಂಸ್ಕಾರ ಎಂಬ ಕಾಲಂ ಇರಲಿಲ್ಲ.

ಇಂಥ ಮಾತಿಗೆ ಉತ್ತರ 2006ರಲ್ಲೇ ಸಿಕ್ಕಿತ್ತು. ಆಂಧ್ರದ ರಾಜ್ಯಪಾಲರು ಕಾಂಗ್ರೆಸ್ ಮುಖಂಡರೊಬ್ಬರ ಉಳಿದ ಶಿಕ್ಷೆಯನ್ನು ಮನ್ನಾ ಮಾಡಿದ್ದರು. ಆ ಮುಖಂಡರ ಪತ್ನಿ ಶಾಸಕಿಯಾಗಿದ್ದರು. ಮುಖಂಡರ ಪರವಾಗಿದ್ದ ವರದಿಯೊಂದರಲ್ಲಿ ‘ಒಳ್ಳೆಯ ಕಾಂಗ್ರೆಸ್ ಕಾರ್ಯಕರ್ತ’ ಎಂದು ಬರೆದಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿ, ಜಾತಿ, ಧರ್ಮ, ಪಕ್ಷನಿಷ್ಠೆ ಕ್ಷಮೆಗೆ ಆಧಾರವಾಗಕೂಡದು ಎಂದಿತು. ಒಂದು ಕಡೆ ಕಾಂಗ್ರೆಸ್, ಇನ್ನೊಂದು ಕಡೆ ಬಿಜೆಪಿ. ಚಾಳಿ ಒಂದೇ.

ಶಾಸಕರು ಬಾಯಿ ಮುಚ್ಚಿಕೊಂಡಿರಲಿ ಎಂದು ನಾನು ಹೇಳುತ್ತಿಲ್ಲ. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಮೂವರ ಗಲ್ಲಿಗೆ 2011ರ ಸೆಪ್ಟೆಂಬರ್ 9 ಎಂದು ದಿನ ಗೊತ್ತಾಗಿತ್ತು. ಆಗಸ್ಟ್ 30ರಂದು ತಮಿಳುನಾಡಿನ ವಿಧಾನಸಭೆ, ಮರಣದಂಡನೆಯನ್ನು ಕಡಿಮೆ ಮಾಡಬೇಕೆಂದು ರಾಷ್ಟ್ರಪತಿಗಳನ್ನು ಕೋರುವ ನಿರ್ಣಯ ಮಾಡಿತು. ರಾಜೀವರನ್ನು ಕೊಂದ ಸ್ಫೋಟದಲ್ಲಿ ಸತ್ತ ಬೇರೆಯವರ ಮನೆಯವರನ್ನು ಅದು ಎಷ್ಟು ನೋಯಿಸಿರಬೇಕೆಂದು ನಾನು ಬಲ್ಲೆ. ಆದರೆ ಅಲ್ಲಿ ಮಾತು ಸದನದಲ್ಲಿ ನಡೆಯಿತು, ಕಲಾಪದ ಪುಸ್ತಕಕ್ಕೆ ಹೋಯಿತು, ಮತ ಹಾಕಿದವರು ಅದನ್ನು ಓದಬಹುದು. ಮುಚ್ಚಿದ ಕೋಣೆಯಲ್ಲಿ ಕಲೆಕ್ಟರರ ಪಕ್ಕ ಕುಳಿತು ಕೈದಿಗಳ ಕಡತಕ್ಕೆ ಸಹಿ ಹಾಕುವುದು ಬೇರೆಯೇ ಕೆಲಸ. ಮುಂದಿನ ಚುನಾವಣೆಯ ಲೆಕ್ಕ ತಲೆಯಲ್ಲಿರುವವರು ಆ ಕುರ್ಚಿಯಲ್ಲಿ ಕೂರಬಾರದು.

2024ರ ಜನವರಿ 8ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಆ ಹನ್ನೊಂದು ಜನರ ಬಿಡುಗಡೆಯನ್ನು ರದ್ದು ಮಾಡಿದರು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಗುಜರಾತಿಗೆ ಆ ಅಧಿಕಾರವೇ ಇಲ್ಲ ಎಂದರು. ನಮ್ಮ ಕರ್ನಾಟಕದ ಹೆಣ್ಣುಮಗಳೊಬ್ಬರು ಆ ತೀರ್ಪು ಬರೆದರೆಂದು ಅಂದು ನನ್ನ ಕಣ್ಣು ತುಂಬಿತ್ತು.

ಆದರೆ ತೀರ್ಪು ಮುಟ್ಟದ ಒಂದು ಜಾಗ ನಮ್ಮ ಕಚೇರಿಗಳಲ್ಲಿದೆ. ನಿರ್ಧಾರಕ್ಕೆ ಮೊದಲು ತನ್ನ ಸುರಕ್ಷತೆಯನ್ನು ಯಾರೂ ವಿಚಾರಿಸಲಿಲ್ಲ ಎಂದು ಬಿಲ್ಕಿಸ್ ಹೇಳಿದಾಗ ನಾನು ತಲೆ ತಗ್ಗಿಸಿದೆ. ನಾನು ಕಟ್ಟಿದ ಕಡತಗಳಲ್ಲೂ ನೊಂದವರದೆಂದು ಒಂದು ಹಾಳೆ ಇರಲಿಲ್ಲ. ಒಂದು ವರ್ಷ, ಕೈದಿಯೊಬ್ಬ ಬಿಡುಗಡೆಯಾದ ಮಾರನೆಯ ದಿನ, ಅವನಿಂದ ಕೊಲೆಯಾದವನ ಹೆಂಡತಿ ಎರಡು ಬಸ್ಸು ಬದಲಿಸಿ ಜೈಲಿನ ಗೇಟಿಗೆ ಬಂದಳು. ಸುದ್ದಿ ಅವಳಿಗೆ ಸಂತೆಯಲ್ಲಿ ಗೊತ್ತಾಗಿತ್ತು. “ಅಂವ ಯಾವ ಊರಿಗೆ ಹೋದಾನ್ರೀ ಸಾಹೇಬ್ರ? ನನಗ ಇಬ್ಬರು ಹುಡುಗ್ರದಾವ” ಎಂದಳು. ನಾನು ರಿಜಿಸ್ಟರ್ ತೆರೆದೆ. ಅದರಲ್ಲಿ ಅವನು ಹೊರಹೋದ ಹೊತ್ತು ಮಾತ್ರ ಇತ್ತು, ಬೆಳಿಗ್ಗೆ 10 ಗಂಟೆ 20 ನಿಮಿಷ.